ಹೊಸ ರಿಪೇರಿ ಅಂಗಡಿ, ಕೈಲಿ 8000 ರೂಪಾಯಿ: ಮೊದಲು ಯಾವ ಮೀಟರ್ ತಗೊಳ್ಳಲಿ?

ಗೌರಿಬಿದನೂರು ಹುಡುಗ

ಎಲ್ಲರಿಗೂ ನಮಸ್ಕಾರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಎರಡು ವರ್ಷ ಬೇರೆಯವರ ಅಂಗಡೀಲಿ ಮೋಟರ್ ವೈಂಡಿಂಗ್ ಮಾಡ್ತಿದ್ದೆ. ಈಗ ನಮ್ಮೂರಲ್ಲೇ ಸಣ್ಣದೊಂದು ಮಳಿಗೆ ಹಿಡಿದಿದೀನಿ. ಬರೋದೆಲ್ಲ ಮಿಕ್ಸಿ, ಇಂಡಕ್ಷನ್ ಸ್ಟೌವ್, ಗೀಸರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆ. ಅಪರೂಪಕ್ಕೆ ವಾಷಿಂಗ್ ಮಷೀನ್. ಫ್ರಿಜ್ ಸದ್ಯಕ್ಕೆ ಮುಟ್ಟಲ್ಲ.

ಕೈಲಿರೋದು 200 ರೂಪಾಯಿಯ ಹಳದಿ ಮೀಟರ್ (ವೋಲ್ಟು, ಆಂಪಿಯರ್, ಓಮ್ ಅಳೆಯೋ ಮಲ್ಟಿಮೀಟರ್), ಒಂದು ಟೆಸ್ಟರ್, ಒಂದು ಸೋಲ್ಡರಿಂಗ್ ಐರನ್. ಟೂಲ್ಸ್‌ಗೆ ಅಂತ 8000 ಎತ್ತಿಟ್ಟಿದೀನಿ. ವಿಡಿಯೋ ನೋಡಿ ನೋಡಿ ತಲೆ ಕೆಟ್ಟೋಗಿದೆ. ಒಬ್ರು ಆಸಿಲೋಸ್ಕೋಪ್ (ಕರೆಂಟಿನ ತರಂಗವನ್ನ ಪರದೆ ಮೇಲೆ ತೋರಿಸೋ ಸ್ಕೋಪ್) ಇಲ್ದೆ ಬೋರ್ಡ್ ಕೆಲಸಕ್ಕೆ ಕೈ ಹಾಕ್ಬೇಡ ಅಂತಾರೆ, ಇನ್ನೊಬ್ರು ಥರ್ಮಲ್ ಕ್ಯಾಮೆರಾ ಅಂತಾರೆ. ಮುಂದಿನ ವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗ್ತಿದೀನಿ. ಅಷ್ಟರಲ್ಲಿ ಅಣ್ಣಂದ್ರು ಯಾರಾದ್ರೂ ದಾರಿ ತೋರ್ಸಿ.

ಶಿರಾಗೇಟ್ ರಿಪೇರಿ

ತಮ್ಮಾ, ತುಮಕೂರಲ್ಲಿ ಇದೇ ಕೆಲಸ ಮಾಡ್ತಾ 22 ವರ್ಷ ಆಯ್ತು. ಸ್ಕೋಪ್ ಇಟ್ಕೊಂಡಿದೀನಿ, ಅದರ ಮೇಲೆ ಧೂಳು ಕೂತಿದೆ. ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ ಕೈಗೆ ಬರೋದು ಸೀರೀಸ್ ಬೋರ್ಡು.

ಅಂಗಡೀಲಿ ಅದನ್ನ ಮಾರಲ್ಲ, ನೀನೇ ಮಾಡ್ಕೋಬೇಕು. ಒಂದು ಮರದ ಬೋರ್ಡು, ಒಂದು ಹೋಲ್ಡರ್, ಒಂದು 5 ಪಿನ್ ಸಾಕೆಟ್, ಒಂದು ಸ್ವಿಚ್ಚು. ಫೇಸ್ ವೈರು ಬಲ್ಬಿನ ಮೂಲಕ ಸಾಕೆಟ್ಟಿಗೆ ಹೋಗ್ಬೇಕು, ಅಷ್ಟೇ. 100 ವ್ಯಾಟಿನ ಹಳೇ ಕಾಲದ ಫಿಲಮೆಂಟ್ ಬಲ್ಬು ಹಾಕು. ಎಲ್‌ಇಡಿ ಹಾಕಿದ್ರೆ ಕೆಲಸ ಆಗಲ್ಲ. 100ರದು ಸಿಗ್ತಿಲ್ಲ ಅಂದ್ರೆ 60ರ ಎರಡನ್ನ ಪ್ಯಾರಲಲ್ ಕೊಡು.

ರಿಪೇರಿ ಮಾಡಿದ ಯಾವುದೇ ಸಾಮಾನಿಗೆ ಮೊದಲ ಕರೆಂಟು ಇದರಿಂದಲೇ. ಒಳಗೆ ಶಾರ್ಟ್ ಇದ್ರೆ ಬಲ್ಬು ಪೂರ್ತಿ ಉರಿಯುತ್ತೆ, ಸಾಮಾನು ಉಳಿಯುತ್ತೆ, ಮನೆ ಎಂಸಿಬಿ ಬೀಳಲ್ಲ. ಮಿಕ್ಸಿ ಸರಿ ಇದ್ರೆ ಬಲ್ಬು ಮಂಕಾಗಿ ಉರೀತಾ ಮೋಟರ್ ನಿಧಾನಕ್ಕೆ ತಿರುಗುತ್ತೆ.

ಇನ್ನು ಮೀಟರಿನ ವಿಷಯ. ನಾನು ಮಾಡಿದ ತಪ್ಪೇ ಹೇಳ್ತೀನಿ, ಕೇಳು. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಗೀಸರ್ ಬಂತು, 2000 ವ್ಯಾಟಿಂದು. ಥರ್ಮೋಸ್ಟಾಟ್ ಹೋಗಿತ್ತು, ಬದಲಾಯಿಸಿದೆ. ಎಲಿಮೆಂಟ್ ಅಳೆದೆ, 27 ಓಮ್ ತೋರಿಸ್ತು. 230ರ ವರ್ಗವನ್ನ 2000ದಿಂದ ಭಾಗಿಸು, 26 ಚಿಲ್ಲರೆ ಬರುತ್ತೆ, ಸರಿಯಾಗೇ ಇತ್ತು. ಆಮೇಲೆ ಮೀಟರ್ ಬೀಪಿಗೆ ಇಟ್ಟು ಒಂದು ಕಡ್ಡಿ (ಪ್ರೋಬ್) ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ ಕೊಟ್ಟೆ. ಬೀಪ್ ಇಲ್ಲ. ಲೀಕೇಜ್ ಇಲ್ಲ ಅಂತ ಕಳಿಸಿದೆ.

ಮೂರನೇ ದಿನ ಫೋನು. ನಲ್ಲಿ ಮುಟ್ಟಿದ್ರೆ ಶಾಕ್ ಹೊಡೀತಿದೆ, ಮಗು ಕಿರುಚ್ಕೊಂಡು ಆಚೆ ಓಡಿ ಬಂತು ಅಂತ. ಓಡಿದೆ. ಪರಿಚಯದವರ ಹತ್ರ ಮೆಗ್ಗರ್, ಅಂದ್ರೆ ಹೆಚ್ಚು ವೋಲ್ಟು ಕೊಟ್ಟು ಇನ್ಸುಲೇಷನ್ ಅಳೆಯೋ ಮೀಟರು, ಇಸ್ಕೊಂಡು ಹೋಗಿದ್ದೆ. ಅದರಲ್ಲಿ ನೋಡಿದ್ರೆ 0.02 ಮೆಗಾ ಓಮ್. ಅಂದ್ರೆ 20 ಸಾವಿರ ಓಮ್. ಮೀಟರಿನ ಬೀಪು ಕೂಗೋದು 30, 50 ಓಮ್ ಒಳಗಿದ್ರೆ ಮಾತ್ರ, 20 ಸಾವಿರಕ್ಕೆ ಅದ್ಯಾಕೆ ಕೂಗುತ್ತೆ? ಆದ್ರೆ 230 ವೋಲ್ಟು 20 ಸಾವಿರ ಓಮ್ ಮೇಲೆ ಕೂತ್ರೆ 11 ಮಿಲಿ ಆಂಪಿಯರ್ ಹರಿಯುತ್ತೆ. ಆ ಮನೇಲಿ ಅರ್ತ್ ವೈರು ಗೋಡೆಯೊಳಗೆ ಎಲ್ಲೋ ಕಟ್ಟಾಗಿತ್ತು. ಆ ಮಗುವಿನ ಮುಖ ಈಗ್ಲೂ ಕಣ್ಣ ಮುಂದಿದೆ. ಮಾರನೇ ದಿನವೇ ಸ್ವಂತ ಮೆಗ್ಗರ್ ತಗೊಂಡೆ.

ಅದಕ್ಕೇ ನನ್ನ ಲೆಕ್ಕ: ಸೀರೀಸ್ ಬೋರ್ಡು, ಒಂದು ಒಳ್ಳೇ ಮೀಟರು, ಮೆಗ್ಗರು. ಗೀಸರು, ಇಸ್ತ್ರಿ ಪೆಟ್ಟಿಗೆ ಮುಟ್ಟೋನಿಗೆ ಮೆಗ್ಗರ್ ಇಲ್ದೆ ಆಗಲ್ಲ.

ಬಂಗಾರಪೇಟೆ ಕೂಲಿಂಗ್

ಅಣ್ಣ ಹೇಳಿದ್ದೆಲ್ಲ ಒಪ್ದೆ. ಆದ್ರೆ ನಾನಾದ್ರೆ ಕ್ಲಾಂಪ್ ಮೀಟರೇ ಮೊದಲು ತಗೋ ಅಂತೀನಿ. ವೈರು ಬಿಚ್ಚದೆ ಆಂಪಿಯರ್ ಗೊತ್ತಾಗುತ್ತೆ. ಮೋಟರ್ ಜಾಮ್ ಆಗಿದೆಯೋ, ಕಂಡೆನ್ಸರ್ (ಕೆಪಾಸಿಟರ್) ಹೋಗಿದೆಯೋ, ಅರ್ಧ ಕಥೆ ಅಲ್ಲೇ ತಿಳಿಯುತ್ತೆ.

ಹೊಸಬರು ಮಾಡೋ ತಪ್ಪು ಒಂದಿದೆ. ಪ್ಲಗ್ಗಿನ ಪೂರ್ತಿ ಕೇಬಲ್ಲಿಗೆ ಕ್ಲಾಂಪ್ ಹಾಕಿ ಸೊನ್ನೆ ಬರ್ತಿದೆ ಅಂತಾರೆ. ಫೇಸು, ನ್ಯೂಟ್ರಲ್ ಎರಡೂ ಒಟ್ಟಿಗೆ ಒಳಗಿದ್ರೆ ಒಂದನ್ನೊಂದು ಹೊಡೆದು ಹಾಕುತ್ತೆ, ಸೊನ್ನೆ ಬರದೆ ಇನ್ನೇನು ಬರುತ್ತೆ? ಒಂದೇ ವೈರು ಬೇರೆ ಮಾಡಿ ಹಾಕ್ಬೇಕು. ನಾನು ಒಂದು ಅಡಿ ಉದ್ದದ ಎಕ್ಸ್‌ಟೆನ್ಶನ್ ಮಾಡಿ ಮೂರೂ ವೈರು ಬಿಡಿಬಿಡಿಯಾಗಿ ಬಿಟ್ಟಿದೀನಿ. ಕರೆಂಟು ತೀರಾ ಕಮ್ಮಿ ಇದ್ರೆ ಅದೇ ಫೇಸ್ ವೈರನ್ನ ಕ್ಲಾಂಪಿನೊಳಗೆ ಹತ್ತು ಸುತ್ತು ಸುತ್ತಿ, ಬಂದ ರೀಡಿಂಗನ್ನ ಹತ್ತರಿಂದ ಭಾಗಿಸು.

ನೀನು ಫ್ರಿಜ್ ಮುಟ್ಟಲ್ಲ ಅಂದ್ರೂ ಇದು ಕೇಳು. ತೋಟದ ಮನೆಯೊಂದರಲ್ಲಿ ಫ್ರಿಜ್ ತಣ್ಣಗಾಗಲ್ಲ ಅಂತ ಕರೆದ್ರು. ಗ್ಯಾಸ್ ಹೋಗಿದೆ ಅಂತ ಅವರೇ ತೀರ್ಮಾನ ಮಾಡ್ಬಿಟ್ಟಿದ್ರು, ಹಿಂದೆ ಬಂದ ಒಬ್ಬ ಗ್ಯಾಸ್ ತುಂಬಿಸಿಯೂ ಹೋಗಿದ್ದ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದಂಗೆ. ನಾನು ಹೋದಾಗ ಮಧ್ಯಾಹ್ನ 220 ವೋಲ್ಟ್ ಇತ್ತು, ಕಂಪ್ರೆಸರ್ ಚೆನ್ನಾಗೇ ಓಡ್ತಿತ್ತು. ಅನುಮಾನ ಬಂತು. ಮೀಟರನ್ನ ಮಿನ್-ಮ್ಯಾಕ್ಸಿಗೆ (ಅತಿ ಕಮ್ಮಿ, ಅತಿ ಹೆಚ್ಚು ರೀಡಿಂಗನ್ನ ನೆನಪಿಟ್ಕೊಳ್ಳೋದು) ಹಾಕಿ, ತಾನಾಗೇ ಆಫ್ ಆಗೋದನ್ನ ತೆಗೆದು, ಸಾಕೆಟ್ಟಿಗೆ ಸಿಕ್ಕಿಸಿ ರಾತ್ರಿಯೆಲ್ಲ ಅಲ್ಲೇ ಬಿಟ್ಟು ಬಂದೆ. ಬೆಳಿಗ್ಗೆ ನೋಡಿದ್ರೆ ಮಿನಿಮಮ್ 162. ಸುತ್ತಮುತ್ತ ಪಂಪ್‌ಸೆಟ್ಟುಗಳು ಶುರುವಾದಾಗ ವೋಲ್ಟೇಜ್ ಬೀಳ್ತಿತ್ತು, ಕಂಪ್ರೆಸರ್ ಎತ್ತೋಕಾಗದೆ ಓವರ್‌ಲೋಡಿನಲ್ಲಿ ಟಿಕ್ ಟಿಕ್ ಅಂತ ಕಟ್ಟಾಗ್ತಿತ್ತು. ಸ್ಟೆಬಿಲೈಸರ್ ಹಾಕಿದ ಮೇಲೆ ಸರಿಹೋಯ್ತು. ಗ್ಯಾಸಿಗೆ ಕೊಟ್ಟ ದುಡ್ಡು ಮಣ್ಣುಪಾಲು.

ಶಿವನಸಮುದ್ರದಿಂದ ನಮ್ಮ ಪಕ್ಕದ ಕೆಜಿಎಫ್‌ಗೆ 1902ರಲ್ಲೇ ಕರೆಂಟು ಬಂತು. ತೋಟದ ಮನೆಯವರು ಇನ್ನೂ 162 ವೋಲ್ಟಿನಲ್ಲಿ ಬಾಳ್ತಿದ್ದಾರೆ ಅಂತ ಅವತ್ತು ನಗು ಬಂತು.

ಲ್ಯಾಬ್ ಮೇಷ್ಟ್ರು

ಕೋಲಾರದ ಕಡೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡಿದವನು ನಾನು. ಒಂದೆರಡು ಸೇರಿಸುತ್ತೇನೆ.

ಮೀಟರ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಪ್ರೋಬ್ ಸಿಕ್ಕಿಸುವ ತೂತುಗಳ ಪಕ್ಕ ಏನು ಬರೆದಿದೆ ಎಂದು. ಕ್ಯಾಟ್ 2 ಎಂದರೆ ಸಾಕೆಟ್ಟಿಗೆ ಹಾಕುವ ಸಾಮಾನುಗಳಿಗೆ, ಕ್ಯಾಟ್ 3 ಎಂದರೆ ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿನವರೆಗೆ, ಕ್ಯಾಟ್ 4 ಎಂದರೆ ಕಂಬದಿಂದ ಮನೆಗೆ ಬರುವ ಲೈನು. ನಿಮಗೆ ಕ್ಯಾಟ್ 3, 600 ವೋಲ್ಟ್ ಸಾಕು. ಇದು ನಿಖರತೆಯ ಗುರುತಲ್ಲ, ಲೈನಿನಲ್ಲಿ ಕ್ಷಣಮಾತ್ರ ಏಳುವ ಭಾರಿ ವೋಲ್ಟೇಜನ್ನು ಮೀಟರು ಒಡೆಯದೆ ತಡೆದುಕೊಳ್ಳುತ್ತದೆಯೇ ಎಂಬುದರ ಗುರುತು. ವೈರುಗಳ ಮೇಲೂ ಅದೇ ಗುರುತಿರಬೇಕು.

ನಿಮ್ಮ ಹಳದಿ ಮೀಟರಿನಲ್ಲಿ 10 ಆಂಪಿಯರ್ ತೂತಿನ ಪಕ್ಕ ಫ್ಯೂಸ್ ಇಲ್ಲ ಎಂದು ಬಹುಶಃ ಅಚ್ಚಾಗಿಯೇ ಇರುತ್ತದೆ, ನೋಡಿ. ಆ ತೂತಿನಲ್ಲಿ ಕಡ್ಡಿ ಮರೆತು ಸಾಕೆಟ್ಟಿಗೆ ಇಟ್ಟರೆ ನೇರ ಶಾರ್ಟ್. ನನ್ನ ವಿದ್ಯಾರ್ಥಿಯೊಬ್ಬ ಹಾಗೆ ಮಾಡಿ, ಕಡ್ಡಿಯ ತುದಿಯ ಹಿತ್ತಾಳೆ ಕರಗಿ ಮೇಜಿನ ಮೇಲೆ ಮಣಿಯಂತೆ ಬಿದ್ದಿತ್ತು. ಕೈಗೆ ಏನೂ ಆಗಲಿಲ್ಲ, ಅವನ ಪುಣ್ಯ.

ಇನ್ನು ಟ್ರೂ ಆರ್‌ಎಂಎಸ್, ಅಂದರೆ ತರಂಗದ ಆಕಾರ ಹೇಗಿದ್ದರೂ ಸರಿಯಾದ ವೋಲ್ಟೇಜು ತೋರಿಸುವ ಗುಣ. ಗೋಡೆಯ ಕರೆಂಟು ಅಳೆಯಲು ಅದು ಬೇಕೇಬೇಕೆಂದಿಲ್ಲ. ಆದರೆ ಮನೆಯ ಹಳೆಯ ಮಾದರಿಯ ಇನ್ವರ್ಟರು ಚೌಕಾಕಾರದ ತರಂಗ ಕೊಡುತ್ತದೆ. ಸಾಧಾರಣ ಮೀಟರು ಅದನ್ನು ಶೇಕಡಾ 11ರಷ್ಟು ಹೆಚ್ಚಾಗಿ ತೋರಿಸುತ್ತದೆ. 220 ಇದ್ದರೆ 244 ಎನ್ನುತ್ತದೆ. ಇನ್ವರ್ಟರ್ ಕೆಟ್ಟಿದೆ ಎಂದು ಬೋರ್ಡು ಬಿಚ್ಚಿದವರನ್ನು ನೋಡಿದ್ದೇನೆ.

ಶಿರಾಗೇಟಿನವರ ಗೀಸರ್ ಕಥೆಗೆ ಒಂದು ಮಾತು. ಆ ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಇದ್ದಿದ್ದರೂ 11 ಮಿಲಿಗೆ ಅದು ಬೀಳುತ್ತಿರಲಿಲ್ಲ. ಎಲಿಮೆಂಟಿನೊಳಗೆ ತುಂಬಿರುವ ಬಿಳಿ ಪುಡಿ, ಮೆಗ್ನೀಸಿಯಂ ಆಕ್ಸೈಡ್, ತೇವ ಹೀರಿದರೆ ಹೀಗಾಗುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ಲಿನ ಗಡಸು ನೀರಿಗೆ ಎಲಿಮೆಂಟಿನ ಮೇಲೆ ಸುಣ್ಣದ ಪದರ ಕಟ್ಟಿ, ಒಳಗೆ ಕಾವು ಹೆಚ್ಚಿ, ಹೊರಗಿನ ಕೊಳವೆ ಬಿರುಕು ಬಿಡುವುದು ಸಾಮಾನ್ಯ. ಕೆಲವು ಸಲ ಮೀಟರಿನ ಓಮ್ ರೇಂಜಿನಲ್ಲೂ ಇದು ಸಿಕ್ಕುವುದಿಲ್ಲ. ಮೀಟರು ಓಮ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ, ಮೆಗ್ಗರು 500 ವೋಲ್ಟಿನಲ್ಲಿ. ಒಂದು ಮೆಗಾ ಓಮಿಗಿಂತ ಕಡಿಮೆ ಬಂದರೆ ಆ ಎಲಿಮೆಂಟನ್ನು ನಾನು ವಾಪಸ್ ಕೊಡುವುದಿಲ್ಲ.

ಎಚ್ಚರಿಕೆ: ಎಲೆಕ್ಟ್ರಾನಿಕ್ ಬೋರ್ಡು ಇರುವ ಸಾಮಾನಿಗೆ ಬೋರ್ಡು ಬೇರ್ಪಡಿಸದೆ ಮೆಗ್ಗರ್ ಕೊಡಬೇಡಿ. 500 ವೋಲ್ಟಿಗೆ ಬೋರ್ಡೇ ಹೋಗುತ್ತದೆ.

ಗೌರಿಬಿದನೂರು ಹುಡುಗ

ಸಾರ್, ಈಗ ಎದ್ದು ಹೋಗಿ ನೋಡಿದೆ. ಫ್ಯೂಸ್ ಇಲ್ಲ ಅಂತಲೇ ಇದೆ. ಎರಡು ವರ್ಷದಿಂದ ಇದರಲ್ಲೇ ಮೇನ್ ಬೋರ್ಡು ಚೆಕ್ ಮಾಡ್ತಿದ್ದೆ!

ಇನ್ನೊಂದು ಡೌಟು. ಮೊನ್ನೆ ಇಸ್ತ್ರಿ ಪೆಟ್ಟಿಗೆ ಕಾಯಿಲ್ ಬೀಪ್ ಆಗ್ಲಿಲ್ಲ, ಕಾಯಿಲ್ ಹೋಗಿದೆ ಅಂತ ಬದಲಾಯಿಸಿಬಿಟ್ಟೆ. ಅದೂ ಇದೇ ಕೇಸಾ?

ಶಿರಾಗೇಟ್ ರಿಪೇರಿ

750 ವ್ಯಾಟಿಂದಾ? ಅದು ಸರಿ ಇದ್ರೂ 70 ಓಮ್ ಇರುತ್ತೆ ಕಣಪ್ಪ, ಎಷ್ಟೋ ಮೀಟರು 70ಕ್ಕೆ ಬೀಪ್ ಮಾಡಲ್ಲ. ಬೀಪು ವೈರು ಕಟ್ಟಾಗಿದೆಯಾ ಅಂತ ನೋಡೋಕೆ. ಕಾಯಿಲ್‌ಗೆ ಓಮ್ ರೇಂಜು. ಹಳೇ ಕಾಯಿಲ್ ಎಸೆದಿಲ್ಲ ತಾನೇ?

ಗೌರಿಬಿದನೂರು ಹುಡುಗ

ಗುಜರಿಗೆ ಹಾಕ್ಬಿಟ್ಟೆ ಅಣ್ಣ.

ಚಿಂತಾಮಣಿ ಅಕ್ಕ

ನಾನು ಮನೇಲೇ ಇಂಡಕ್ಷನ್, ಮಿಕ್ಸಿ ರಿಪೇರಿ ಮಾಡೋಳು. ಓಣಿಯ ಹೆಂಗಸ್ರು ತಂದಿಟ್ಟು ಹೋಗ್ತಾರೆ, ಸಂಜೆ ಒಯ್ತಾರೆ. ಇಂಡಕ್ಷನ್ ಬಗ್ಗೆ ನಾನು ಹೇಳ್ತೀನಿ ತಮ್ಮಾ.

ಹತ್ತರಲ್ಲಿ ಆರು ಕೇಸು ಒಂದೇ ತರ: ಫ್ಯೂಸ್ ಸುಟ್ಟಿರುತ್ತೆ, ಐಜಿಬಿಟಿ (ಕಾಯಿಲ್‌ಗೆ ಕರೆಂಟನ್ನ ಸರಸರ ಆನ್-ಆಫ್ ಮಾಡೋ ದೊಡ್ಡ ಟ್ರಾನ್ಸಿಸ್ಟರ್) ಶಾರ್ಟ್ ಆಗಿರುತ್ತೆ. ಶುರುವಿನಲ್ಲಿ ನಾನು ಐಜಿಬಿಟಿ ಬದಲಾಯಿಸಿ, ಫ್ಯೂಸ್ ಹಾಕಿ, ನೇರ ಪ್ಲಗ್ ಸಿಕ್ಕಿಸ್ತಿದ್ದೆ. ಢಮ್ ಅಂತಿತ್ತು. ಮತ್ತೆ ಹೊಸದು, ಮತ್ತೆ ಢಮ್. ಒಂದೇ ಸ್ಟೌವಿಗೆ ಮೂರು ಐಜಿಬಿಟಿ ಸುಟ್ಟೆ, ಗಿರಾಕಿ ಹತ್ರ ಒಂದರ ದುಡ್ಡು ಮಾತ್ರ ಕೇಳೋಕಾಯ್ತು. ಐಜಿಬಿಟಿ ಸಾಯೋದು ಬೇರೆ ಯಾವುದೋ ಕಾರಣಕ್ಕೆ. ಅದಕ್ಕೆ ಸಿಗ್ನಲ್ ಕೊಡೋ ಪುಟ್ಟ ಟ್ರಾನ್ಸಿಸ್ಟರ್ ಜೋಡಿ ಹೋಗಿರುತ್ತೆ, ಇಲ್ಲಾ ಕಾಯಿಲ್ ಪಕ್ಕದ 0.3 ಮೈಕ್ರೋಫ್ಯಾರಡ್ ಕೆಪಾಸಿಟರ್ ಅರ್ಧಕ್ಕೆ ಇಳಿದಿರುತ್ತೆ, ಇಲ್ಲಾ ಬೋರ್ಡಲ್ಲಿ 18 ವೋಲ್ಟ್ ಸರಿಯಾಗಿ ಬರ್ತಿರಲ್ಲ. ಅದನ್ನ ಹಾಗೇ ಬಿಟ್ಟು ಹೊಸದು ಹಾಕಿದ್ರೆ ಅದೂ ಸಾಯುತ್ತೆ.

ಈಗ ಶಿರಾಗೇಟ್ ಅಣ್ಣ ಹೇಳಿದ ಬಲ್ಬಿನ ಬೋರ್ಡಿನಲ್ಲೇ ಮೊದಲು ಹಾಕೋದು. ಬಲ್ಬು ಒಂದು ಸಲ ಮಿಂಚಿ ಆರಬೇಕು, ಡಿಸ್‌ಪ್ಲೇ ಬರಬೇಕು. ಉರೀತಾನೇ ಇದ್ರೆ ತಕ್ಷಣ ಸ್ವಿಚ್ ತೆಗೀತೀನಿ. ಬಲ್ಬಿನ ಜೊತೆ ಪಾತ್ರೆ ಇಟ್ಟು ಬಿಸಿ ಮಾಡೋಕೆ ಹೋಗ್ಬೇಡ, ಅದು ಓಡಲ್ಲ.

ಅದಕ್ಕೇ ನಿನ್ನ ಮೀಟರಲ್ಲಿ ಕೆಪಾಸಿಟರ್ ಅಳೆಯೋ ರೇಂಜ್ ಇರಲೇಬೇಕು. ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರ್ 1.4ಕ್ಕೆ ಇಳಿದ್ರೆ ಫ್ಯಾನ್ ಸೋಮಾರಿ ತರ ತಿರುಗುತ್ತೆ. ಗಿರಾಕಿ ಮುಂದೆ ಮೀಟರ್ ಹಿಡಿದು ಹಳೇದರ ನಂಬರು, ಹೊಸದರ ನಂಬರು ತೋರಿಸಿದ್ರೆ ಮಾತಾಡದೆ ದುಡ್ಡು ಕೊಡ್ತಾರೆ. ಅಳೆಯೋ ಮುಂಚೆ ಡಿಸ್‌ಚಾರ್ಜ್ ಮಾಡೋದು ಮರೀಬೇಡ, ಮೀಟರೇ ಹೋಗುತ್ತೆ.

ಇ ಅಂತ ಶುರುವಾಗೋ ಎರರ್ ಬಂದ್ರೆ ಥರ್ಮಿಸ್ಟರ್ (ಬಿಸಿ ಅಳೆಯೋ ಸೆನ್ಸರ್) ನೋಡು. ಕಾಯಿಲ್ ಮಧ್ಯ ಇರುತ್ತಲ್ಲ, ಬಿಳಿ ಪೇಸ್ಟ್ ಮೆತ್ತಿರುತ್ತೆ, ಅದು. ತಣ್ಣಗಿದ್ದಾಗ ಸುಮಾರು 100 ಕಿಲೋ ಓಮ್ ಇರುತ್ತೆ. ಬೆರಳಲ್ಲಿ ಹಿಡಿದು ಬಾಯಿಂದ ಬಿಸಿಯುಸಿರು ಬಿಡು, ನಂಬರು ಸರಸರ ಇಳಿಯಬೇಕು.

ಆಮೇಲೆ ಯಾವ ಮೀಟರಲ್ಲೂ ಸಿಗದ ಕಾಯಿಲೆ: ಜಿರಳೆ. ಹಿಂದಿನ ತಿಂಗಳು ಒಂದು ಬಿಚ್ಚಿದೆ, ಬೋರ್ಡಿನ ಬೆಚ್ಚಗಿನ ಜಾಗದಲ್ಲಿ ಸಂಸಾರ ಹೂಡಿದ್ವು. ಬ್ರಷ್ಷು, ಐಪಿಎ (ಬೋರ್ಡು ತೊಳೆಯೋ ಆಲ್ಕೋಹಾಲ್), ಮುಗೀತು. 150 ರೂಪಾಯಿ ಇಸ್ಕೊಂಡೆ.

ವಾಚಿನವರು

ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಈಗ ಹವ್ಯಾಸಕ್ಕೆ ಬೋರ್ಡು ನೋಡುತ್ತೇನೆ. ಯಾರೂ ಹೇಳದ ಸಲಕರಣೆ ಒಂದಿದೆ, ಕಣ್ಣಿಗೆ ಸಿಕ್ಕಿಸುವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ವಾಷಿಂಗ್ ಮಷೀನ್ ಬೋರ್ಡು ಒಂದನ್ನು ಬದಲಾಯಿಸಬೇಕು, ಸಾವಿರಗಟ್ಟಲೆ ಆಗುತ್ತದೆ ಎಂದು ಯಾರೋ ಹೇಳಿ ಕಳಿಸಿದ್ದರು. ಲೂಪಿನಲ್ಲಿ ನೋಡಿದರೆ ರಿಲೇ ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಸೀಳಿತ್ತು, ಕೂದಲಿಗಿಂತ ತೆಳು. ಬಿಸಿಯಾದಾಗ ಬಿಡುತ್ತಿತ್ತು, ತಣ್ಣಗಾದಾಗ ಅಂಟುತ್ತಿತ್ತು. ಮೀಟರಿಟ್ಟಾಗಲೆಲ್ಲ ಸರಿಯಾಗೇ ತೋರಿಸುತ್ತಿತ್ತು, ಕಡ್ಡಿ ಒತ್ತಿದರೆ ಅದೂ ಅಂಟಿಕೊಳ್ಳುತ್ತದಲ್ಲ! ಒಂದು ಹನಿ ಸೀಸದಲ್ಲಿ ಮುಗಿಯಿತು.

ಬೋರ್ಡಿನ ಕೆಲಸ ಹೆಚ್ಚಾದರೆ ಇಎಸ್‌ಆರ್ ಮೀಟರ್ (ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್ ಅಳೆಯುವುದು) ತೆಗೆದುಕೊಳ್ಳಿ, ಈಗಲೇ ಅಲ್ಲ. ಕೆಲವು ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಮೈಕ್ರೋಫ್ಯಾರಡ್ ಸರಿ ತೋರಿಸಿಯೂ ಒಳಗೆ ಒಣಗಿರುತ್ತವೆ, ಅವು ಇದರಲ್ಲಿ ಸಿಗುತ್ತವೆ, ಬೋರ್ಡಿನಿಂದ ಕೀಳುವ ಕೆಲಸವೂ ಇಲ್ಲ.

ಮೀಟರಿನ ಬ್ಯಾಟರಿಯ ಮೇಲೂ ಕಣ್ಣಿರಲಿ. ಅಗ್ಗದ ಮೀಟರುಗಳು ಬ್ಯಾಟರಿ ಇಳಿದಾಗ ವೋಲ್ಟೇಜನ್ನು ಹೆಚ್ಚಾಗಿ ತೋರಿಸುತ್ತವೆ. ನಾನು ತಿಂಗಳಿಗೊಮ್ಮೆ ಹೊಸ ಸೆಲ್ ಒಂದನ್ನು ಮನೆಯ ಎರಡೂ ಮೀಟರಿನಲ್ಲಿ ಅಳೆದು ತಾಳೆ ನೋಡುತ್ತೇನೆ.

ಕ್ಯಾತ್ಸಂದ್ರ ಗಿರಾಕಿ

ನಾನು ಮೆಕ್ಯಾನಿಕ್ ಅಲ್ಲ, ದುಡ್ಡು ಕೊಡೋನು. ನಮ್ಮನೆ ವಾಷಿಂಗ್ ಮಷೀನ್ ನೋಡೋಕೆ ಬಂದವನು ಬರೀ ಟೆಸ್ಟರ್ ಇಟ್ಕೊಂಡು ಬಂದಿದ್ದ. ಎರಡು ಕಡೆ ಮುಟ್ಟಿಸಿ, ಬೋರ್ಡ್ ಹೋಗಿದೆ 4500 ಅಂದ. ಇನ್ನೊಬ್ರನ್ನ ಕರೆಸಿದೆ. ಮಷೀನಲ್ಲಿ ಓಇ ಅಂತ ಬರ್ತಿತ್ತು. ನೀರು ಆಚೆ ಹೋಗ್ತಿಲ್ಲ ಅಂತ ಅದರರ್ಥ ಅಂದ್ರು, ಕೆಳಗಿನ ಫಿಲ್ಟರ್ ತಿರುಗಿಸಿದ್ರು, ಒಂದು ರೂಪಾಯಿ ನಾಣ್ಯ, ಮಗಳ ಹೇರ್‌ಪಿನ್ನು ಬಂತು. ಅಷ್ಟೇ.

ಟೆಸ್ಟರನ್ನ ನಂಬಬಾರದಾ ಹಾಗಾದ್ರೆ?

ಶಿರಾಗೇಟ್ ರಿಪೇರಿ

ಎಲ್‌ಜಿ ಮಷೀನಲ್ಲಿ ಓಇ ಅಂದ್ರೆ ಡ್ರೈನು, ಐಇ ಅಂದ್ರೆ ನೀರು ಒಳಗೆ ಬರ್ತಿಲ್ಲ, ಡಿಇ ಅಂದ್ರೆ ಬಾಗಿಲು. ಕಂಪನಿಗೊಂದು ತರ ಇರುತ್ತೆ, ಪುಸ್ತಕ ಎಸೀಬೇಡಿ.

ಟೆಸ್ಟರು ಫೇಸ್ ಇದೆ ಅಂತ ಹೇಳುತ್ತೆ, ನ್ಯೂಟ್ರಲ್ ಕಟ್ಟಾಗಿದ್ರೆ ಹೇಳಲ್ಲ. ಕಟ್ಟಾದಾಗ ಆ ಲೈನಲ್ಲಿ ಯಾವುದಾದ್ರೂ ಸಾಮಾನಿನ ಸ್ವಿಚ್ ಆನ್ ಇದ್ರೆ ಸಾಕೆಟ್ಟಿನ ಎರಡೂ ತೂತಲ್ಲಿ ದೀಪ ಉರಿಯುತ್ತೆ, ಏನೂ ಓಡಲ್ಲ. ಅದೇ ತರ ಸ್ವಿಚ್ ಆಫ್ ಇದ್ರೂ ಡಿಜಿಟಲ್ ಮೀಟರಲ್ಲಿ 60, 80 ವೋಲ್ಟ್ ಕಾಣಿಸುತ್ತೆ, ಪಕ್ಕದ ವೈರಿನಿಂದ ಬರೋ ಸುಳ್ಳು ವೋಲ್ಟೇಜು ಅದು. ಟೆಸ್ಟ್ ಲ್ಯಾಂಪ್ ಕೊಟ್ರೆ ಸೊನ್ನೆ ಆಗೋಗುತ್ತೆ.

ಲ್ಯಾಬ್ ಮೇಷ್ಟ್ರು

ಸ್ಕೋಪಿನ ಬಗ್ಗೆ ಹುಡುಗನಿಗೆ ನೇರವಾಗಿ ಹೇಳಿಬಿಡುತ್ತೇನೆ. ಗೋಡೆ ಕರೆಂಟಿನಲ್ಲಿ ಓಡುವ ಸ್ಕೋಪಿನ ಗ್ರೌಂಡ್ ಕ್ಲಿಪ್ಪು ಅರ್ತಿಗೆ ಸೇರಿರುತ್ತದೆ. ಅದನ್ನು ಇಂಡಕ್ಷನ್ ಬೋರ್ಡಿನ ಬಿಸಿ ಭಾಗಕ್ಕೆ, ಅಂದರೆ ನೇರ ಗೋಡೆ ಕರೆಂಟಿಗೆ ಸೇರಿದ ಭಾಗಕ್ಕೆ, ಕಚ್ಚಿಸಿದರೆ ಬೋರ್ಡು, ಸ್ಕೋಪು ಎರಡೂ ಹೋಗುತ್ತವೆ. ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಡಿಫರೆನ್ಶಿಯಲ್ ಪ್ರೋಬ್ ಬೇಕು. ನಿಮ್ಮ 8000 ಅದಕ್ಕೇ ಮುಗಿಯುತ್ತದೆ. ಥರ್ಮಲ್ ಕ್ಯಾಮೆರಾ ಬೇಡವೇ ಬೇಡ.

ಮೈಕ್ರೋವೇವ್ ಓವನ್ ಬಂದರೆ ವಾಪಸ್ ಕಳಿಸಿ. ಒಳಗೆ 4000 ವೋಲ್ಟ್ ಹತ್ತಿರ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ನಿಮ್ಮ ಮೀಟರು ಹೆಚ್ಚೆಂದರೆ 1000ಕ್ಕೆ ಮಾಡಿದ್ದು.

ಚಿಂತಾಮಣಿ ಅಕ್ಕ

ನಾನೂ ಮುಟ್ಟಲ್ಲ ಮೇಷ್ಟ್ರೇ. ನಾದಿನಿ ಮನೆಯದ್ದೇ ಬಂದಿತ್ತು, ಬೇಜಾರು ಮಾಡ್ಕೊಂಡ್ಲು, ಮಾಡ್ಕೊಳ್ಳಲಿ.

ಗೌರಿಬಿದನೂರು ಹುಡುಗ

ಮೂರು ವಾರ ಆಯ್ತು, ಏನ್ ತಗೊಂಡೆ ಅಂತ ಹೇಳ್ತೀನಿ. ಎಸ್.ಪಿ. ರೋಡಲ್ಲಿ ಕ್ಯಾಟ್ 3 ಮೀಟರ್, ಟ್ರೂ ಆರ್‌ಎಂಎಸ್, ಕೆಪಾಸಿಟರ್ ರೇಂಜ್, ಮಿನ್-ಮ್ಯಾಕ್ಸ್ ಎಲ್ಲಾ ಇರೋದು 2900ಕ್ಕೆ ಸಿಕ್ತು. ಲೂಪ್ 250. ಸೀರೀಸ್ ಬೋರ್ಡು ಮನೆಯ ಹಳೇ ಸಾಮಾನಲ್ಲೇ ಮಾಡ್ಕೊಂಡೆ, ಬಲ್ಬು ಮಾತ್ರ ಮೂರು ಅಂಗಡಿ ಸುತ್ತಿದ ಮೇಲೆ ಸಿಕ್ತು. ಮೆಗ್ಗರು ನಮ್ಮೂರಲ್ಲೇ ವೈರಿಂಗ್ ಕೆಲಸ ಬಿಟ್ಟ ಒಬ್ಬ ತಾತನ ಹತ್ರ, ಕೈಯಲ್ಲಿ ತಿರುಗಿಸೋ ಹಳೇದು, 1500ಕ್ಕೆ. ತಾತ ಕೊಡೋ ಮುಂಚೆ ಕಡ್ಡಿ ಎರಡೂ ಬಿಡಿಯಾಗಿಟ್ಟು ತಿರುಗಿಸಿದ್ರು, ಮುಳ್ಳು ಇನ್ಫಿನಿಟಿಗೆ ಹೋಯ್ತು. ಎರಡೂ ಸೇರಿಸಿ ತಿರುಗಿಸಿದ್ರು, ಸೊನ್ನೆಗೆ ಬಂತು. ದಿನಾ ಶುರು ಮಾಡೋ ಮುಂಚೆ ಹಿಂಗೆ ನೋಡ್ಕೋ ಅಂದ್ರು. ಕ್ಲಾಂಪ್ ಆಮೇಲೆ ತಗೋತೀನಿ ಕೂಲಿಂಗ್ ಅಣ್ಣ, ಬೈಬೇಡಿ.

ಈಗ ಒಂದು ಫಜೀತಿ. ಪಕ್ಕದ ಬೀದಿ ಅಜ್ಜಿ ಬಕೆಟ್ಟಿಗೆ ಹಾಕೋ ವಾಟರ್ ಹೀಟರ್ ರಾಡು ತಂದ್ರು, ವೈರು ಲೂಸಾಗಿದೆ ಅಂತ. ವೈರು ಸರಿ ಮಾಡಿ ಮೆಗ್ಗರ್ ತಿರುಗಿಸಿದೆ. ಮುಳ್ಳು ಸೊನ್ನೆ ಪಕ್ಕದಲ್ಲೇ ಕೂತುಬಿಡ್ತು. ಎರಡು ಪಿನ್ನಿನ ಪ್ಲಗ್ಗು ಬೇರೆ, ಅರ್ತೇ ಇಲ್ಲ. ಬಳಸ್ಬೇಡಿ ಅಜ್ಜಿ ಅಂದೆ. ಚೆನ್ನಾಗೇ ಕಾಯ್ತಿತ್ತು, ನೀನೇ ಏನೋ ತಿರುಗಿಸಿ ಕೆಡಿಸಿದೆ ಅಂತ ಜಗಳ ಮಾಡಿ ಎತ್ಕೊಂಡು ಹೋದ್ರು.

ಶಿರಾಗೇಟ್ ರಿಪೇರಿ

ಪ್ಲಗ್ಗು ಕತ್ತರಿಸಿ ಕೊಡ್ಬೇಕಿತ್ತು. ಈಗ್ಲೇ ಹೋಗು.

ಗೌರಿಬಿದನೂರು ಹುಡುಗ

ರಾತ್ರೀನೇ ಹೋದೆ ಅಣ್ಣ. ಅಜ್ಜಿ ಬಾಗಿಲು ತೆಗೀಲಿಲ್ಲ, ಮಗ ತೆಗೆದ್ರು. ಮೆಗ್ಗರ್ ಜೊತೇಲೇ ಒಯ್ದಿದ್ದೆ. ಅವರ ಕೈಲೇ ಹಿಡಿ ತಿರುಗಿಸಿಸಿದೆ. ಮೊದಲು ನಮ್ಮನೆ ಹೊಸ ರಾಡಿಗೆ, ಆಮೇಲೆ ಅವರದಕ್ಕೆ. ಮುಳ್ಳು ಬಿದ್ದಿದ್ದು ನೋಡಿ ಅವರೇ ಕಟಿಂಗ್ ಪ್ಲೇಯರ್ ಕೇಳಿದ್ರು. ಪ್ಲಗ್ಗು ಈಗ ನನ್ನ ಡ್ರಾಯರಲ್ಲಿದೆ. ಅಜ್ಜಿ ಇನ್ನೂ ಮಾತಾಡ್ತಿಲ್ಲ, ಆದ್ರೆ ಇವತ್ತು ಬೆಳಿಗ್ಗೆ ಮೊಮ್ಮಗನ ಕೈಲಿ ಮಿಕ್ಸಿ ಕಳಿಸಿದ್ದಾರೆ. ಸೀರೀಸಲ್ಲಿ ಹಾಕಿದೆ, ಬಲ್ಬು ಪೂರ್ತಿ ಉರೀತಿದೆ. ಆರ್ಮೇಚರ್ (ಮೋಟರಿನ ತಿರುಗೋ ಭಾಗ) ಹೋಗಿರ್ಬೋದಾ?